ಸೆಕೆ, ಚಳಿ, ಬೂಷ್ಟು, ಗದ್ದಲ: ಮನೆ-ಆಫೀಸು ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ನಾವು ದಿನಾ ಇರೋ ಜಾಗದ ಬಗ್ಗೆನೇ ಇದ್ವು, ಮಲಗೋ ರೂಮು, ಆಫೀಸಿನ ಎಸಿ, ಮಕ್ಕಳು ಓದೋ ಟೇಬಲ್ಲು, ಹೀಗೆ. ಸುಮಾರು ಜನ ಕೊನೆಗೊಂದು ಸಾಲು ಸೇರಿಸಿದ್ದಾರೆ, "ಇದು ನನಗೊಬ್ಬಳಿಗೇ ಹೀಗಾಗುತ್ತಾ, ಅಥವಾ ಸುಮ್ನೆ ಭ್ರಮೆನಾ" ಅಂತ. ಭ್ರಮೆ ಅಲ್ಲ. ಥರ್ಮಾಮೀಟರು, ಸೌಂಡ್ ಮೀಟರು ಹಿಡ್ಕೊಂಡು, ಸಾವಿರಾರು ಜನರನ್ನ "ಈಗ ಹೇಗನಿಸ್ತಿದೆ" ಅಂತ ಕೇಳಿ ಕೇಳಿ ಇದನ್ನ ಎಷ್ಟೋ ವರ್ಷದಿಂದ ಅಳೀತಾ ಬಂದಿದ್ದಾರೆ. ಪತ್ರಗಳನ್ನ ಸ್ವಲ್ಪ ಚಿಕ್ಕದು ಮಾಡಿ ಹಾಕಿದೀನಿ.

ಪ್ರಶ್ನೆ: ಮೇಡಂ, ನಾವು ಕಲಬುರಗಿಯೊಳಗ ಮ್ಯಾಲಿನ ಅಂತಸ್ತಿನಾಗ ಬಾಡಿಗಿಗೆ ಅದೀವ್ರಿ. ಹಗಲಿನಾಗ ಹೆಂಗರ ತಡ್ಕೋತೀವಿ, ಆದ್ರ ರಾತ್ರಿ ಹನ್ನೊಂದಾದ್ರೂ ಛತ್ತಿನಿಂದ ಝಳ ಇಳೀತದ, ಫ್ಯಾನ್ ಹಚ್ಚಿದ್ರ ಬಿಸಿ ಗಾಳಿನೇ ಬೀಸ್ತದ. ನಿದ್ದಿ ಇಲ್ಲ, ಮುಂಜಾನೆದ್ರ ತಲಿ ನೋವು. ನಮ್ಮ ಅತ್ತಿಯವರು "ನಮ್ಮ ಕಾಲದಾಗ ಫ್ಯಾನೂ ಇರ್ಲಿಲ್ಲ, ನೀವೇ ಭಾಳ ಸೂಕ್ಷ್ಮ ಆಗೀರಿ" ಅಂತಾರ. ಎಸಿ ಹಾಕ್ಸೋ ತಾಕತ್ತಿಲ್ರಿ. ಏನ್ ಮಾಡ್ಬೇಕು?
– ಓದುಗರು, ಕಲಬುರಗಿ

ಉತ್ತರ: ನೋಡ್ರಿ ಅಕ್ಕಾರೆ, ಮೊದಲು ಅತ್ತೆಯವರ ಮಾತಿಗೆ ಬರ್ತೀನಿ. ಅವರ ಕಾಲದಲ್ಲಿ ಫ್ಯಾನ್ ಇರ್ಲಿಲ್ಲ ಅನ್ನೋದು ನಿಜಾನೇ, ಆದ್ರೆ ಅವರ ತಲೆ ಮೇಲೆ ಈ ಆರ್‌ಸಿಸಿ ಸ್ಲ್ಯಾಬೂ ಇರ್ಲಿಲ್ಲ. ನಿಮ್ಮ ಕಡೆ ಹಳೇ ಮನೆ ಅಂದ್ರೆ ದಪ್ಪ ಕಲ್ಲಿನ ಗೋಡೆ, ಮೇಲೆ ದಪ್ಪಕ್ಕೆ ಮಣ್ಣು ಹೊದೆಸಿದ ಮಾಳಿಗೆ. ಮಧ್ಯಾಹ್ನದ ಬಿಸಿಲು ಅಷ್ಟು ಮಣ್ಣು ದಾಟಿ ಒಳಗೆ ಬರೋ ಹೊತ್ತಿಗೆ ಹೊರಗೆ ರಾತ್ರಿ ಆಗಿ ಮೇಲ್ಗಡೆ ತಣ್ಣಗಾಗೋಕೆ ಶುರುವಾಗಿರುತ್ತೆ, ಒಳಗೆ ಬರೋ ಬಿಸಿ ತೀರಾ ಕಮ್ಮಿ. ಅದೂ ಅಲ್ದೆ ಬೇಸಿಗೆಯಲ್ಲಿ ಎಷ್ಟೋ ಜನ ಮಲಗ್ತಾ ಇದ್ದಿದ್ದೇ ಮಾಳಿಗೆ ಮೇಲೆ ಅಥವಾ ಅಂಗಳದಲ್ಲಿ.

ಈಗಿನ ನಾಲ್ಕೈದು ಇಂಚಿನ ಸ್ಲ್ಯಾಬಿನ ಕಥೆ ಬೇರೆ. ಬೇಸಿಗೆ ಮಧ್ಯಾಹ್ನ ಅದರ ಮೇಲ್ಮೈ 50 ಡಿಗ್ರಿ ದಾಟಿರುತ್ತೆ, ಬರಿಗಾಲಲ್ಲಿ ನಿಲ್ಲೋಕಾಗಲ್ಲ ನಿಮಗೇ ಗೊತ್ತು, ಆ ಬಿಸಿ ಕಾಂಕ್ರೀಟ್ ದಾಟಿ ಕೆಳಗೆ ಬರೋಕೆ ಮೂರ್ನಾಕು ಗಂಟೆ ಬೇಕು, ಹಾಗಾಗಿ ಸಂಜೆಯಿಂದ ನಿಮ್ಮ ಹಾಸಿಗೆ ಮೇಲೆ ಅದು ಇಳಿಯೋಕೆ ಶುರು ಮಾಡುತ್ತೆ. ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಎಷ್ಟೋ ಹೊತ್ತು ಕಾಯ್ತಾ ಇರುತ್ತಲ್ಲ, ಹಾಗೆ. ಇಲ್ಲಿ ಮುಖ್ಯವಾದ ವಿಷಯ ಏನಂದ್ರೆ ನಮ್ಮ ಮೈಗೆ ಗೊತ್ತಾಗೋದು ಗಾಳಿಯ ಬಿಸಿ ಒಂದೇ ಅಲ್ಲ, ಸುತ್ತಲಿನ ಗೋಡೆ ಛತ್ತು ಸೂಸೋ ಬಿಸಿನೂ ಅಷ್ಟೇ ಲೆಕ್ಕಕ್ಕೆ ಬರುತ್ತೆ. ಗಾಳಿ ಜಾಸ್ತಿ ಆಡದ ರೂಮಲ್ಲಿ ಇವೆರಡರ ಸರಾಸರಿ ತಗೊಂಡ್ರೆ ಮೈಗೆ ಎಷ್ಟು ಅನಿಸುತ್ತೆ ಅನ್ನೋದು ಹತ್ತಿರ ಹತ್ತಿರ ಸಿಗುತ್ತೆ. ಥರ್ಮಾಮೀಟರ್ 32 ತೋರಿಸ್ತಿದೆ, ಛತ್ತು ಗೋಡೆ ಎಲ್ಲ ಸೇರಿ ಸರಾಸರಿ 38 ಇದೆ ಅಂದ್ರೆ ನಿಮ್ಮ ಮೈಗೆ ಅದು 35. ಮನೆಯವರು ಥರ್ಮಾಮೀಟರ್ ನೋಡಿ "ಅಷ್ಟೇನಿಲ್ಲ" ಅಂದ್ರೂ ನಿಮ್ಮ ಮೈ ಹೇಳ್ತಿರೋದೇ ಸರಿ.

ನಿದ್ದೆ ವಿಷಯಾನೂ ಹಾಗೇ. ನಿದ್ದೆ ಹತ್ತಬೇಕು ಅಂದ್ರೆ ಮೈಯೊಳಗಿನ ಉಷ್ಣಾಂಶ ಸ್ವಲ್ಪ ಇಳೀಬೇಕು, ಸುತ್ತ ಬಿಸಿ ಇದ್ರೆ ಅದು ಇಳಿಯಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 68 ದೇಶಗಳ ಜನ ಕೈಗೆ ಕಟ್ಕೊಳ್ಳೋ ಬ್ಯಾಂಡ್‌ಗಳ ಲೆಕ್ಕ ನೋಡಿದ್ರು, ರಾತ್ರಿ ಉಷ್ಣಾಂಶ 30 ಡಿಗ್ರಿ ಮೇಲೆ ಹೋದಾಗ ಸರಾಸರಿ 14 ನಿಮಿಷ ನಿದ್ದೆ ಕಮ್ಮಿ ಆಗಿತ್ತು, ವಯಸ್ಸಾದವರಿಗೆ ಹೊಡೆತ ಇನ್ನೂ ಜಾಸ್ತಿ. ಅಂದ್ರೆ ಈ ಸೆಕೆ ನಿಮಗಿಂತ ನಿಮ್ಮ ಅತ್ತೆಯವರಿಗೇ ಹೆಚ್ಚು ಕೆಟ್ಟದ್ದು, ಅವರು ಬಾಯಿ ಬಿಟ್ಟು ಹೇಳದೇ ಇದ್ರೂ. ಹಿರಿಯರಿಗೆ ಬಾಯಾರಿಕೆನೂ ಕಮ್ಮಿ ಗೊತ್ತಾಗುತ್ತೆ, ಅವರ ನೀರು ಮಜ್ಜಿಗೆ ಕಡೆ ದಯವಿಟ್ಟು ಗಮನ ಇಡಿ.

ಈಗ ಮಾಡೋದೇನು ಅಂದ್ರೆ, ಮೊದಲು ಮನೆ ಮಾಲೀಕರ ಹತ್ರ ಮಾತಾಡಿ ಛತ್ತಿಗೆ ಸುಣ್ಣ ಹೊಡೆಸಿ. ಬಿಳಿ ಮೇಲ್ಮೈ ಬಿಸಿಲನ್ನ ವಾಪಸ್ ಕಳಿಸುತ್ತೆ, ಸ್ಲ್ಯಾಬ್ ಕಾಯೋದೇ ಕಮ್ಮಿ ಆಗುತ್ತೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್‌ನಲ್ಲಿ ಸಾಮಾನ್ಯಕ್ಕಿಂತ 1,300ಕ್ಕೂ ಹೆಚ್ಚು ಜನ ಸತ್ತ ಮೇಲೆ ಆ ಊರು 2013ರಲ್ಲಿ ಹೀಟ್ ಆಕ್ಷನ್ ಪ್ಲ್ಯಾನ್, ಅಂದ್ರೆ ಬಿಸಿಗಾಳಿಯಿಂದ ಜನರನ್ನ ಕಾಪಾಡೋ ಯೋಜನೆ ಮಾಡ್ತು, ಮುಂದೆ ಅದರ ಜೊತೆಗೇ ಬಡವರ ಮನೆ ಛಾವಣಿಗೆ ಬಿಳಿ ಬಳಿಯೋ ಕೆಲಸಾನೂ ಶುರುವಾಯ್ತು, ತೆಲಂಗಾಣ ಅಂತೂ 2023ರಲ್ಲಿ ಇದಕ್ಕೇ ಒಂದು ಪಾಲಿಸಿ ತಂತು. ಛಾವಣಿ ಹೇಗಿದೆ ಅನ್ನೋದರ ಮೇಲೆ ಒಳಗೆ 2ರಿಂದ 5 ಡಿಗ್ರಿ ತನಕ ಇಳಿಯುತ್ತೆ ಅಂತ ಅಲ್ಲಿ ಕೆಲಸ ಮಾಡಿದವರು ಹೇಳ್ತಾರೆ. ಮೊದಲು ಛತ್ತನ್ನ ಚೆನ್ನಾಗಿ ಗುಡಿಸಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಸೇರಿಸಿ ಸಂಜೆ ಹೊತ್ತಲ್ಲಿ ಎರಡು ಕೈ ಹೊಡೆಸಿ. ಮಳೆಗೆ ತೊಳೆದು ಹೋಗುತ್ತೆ, ಅದಕ್ಕೆ ಪ್ರತಿ ವರ್ಷ ಫೆಬ್ರವರಿ ಕೊನೆಗೆ ಮತ್ತೆ ಮಾಡಬೇಕು. ಎಸಿ ಖರ್ಚಿನ ಮುಂದೆ ಇದು ಏನೂ ಅಲ್ಲ.

ಬೆಳಗ್ಗೆ ಬಿಸಿಲೇರೋ ಮುಂಚೆನೇ ಕಿಟಕಿ ಮುಚ್ಚಿ ಪರದೆ ಎಳೀರಿ, ರಾತ್ರಿ ಹೊರಗೆ ತಂಪಾದ ತಕ್ಷಣ ಎದುರು-ಬದುರು ಕಿಟಕಿ ಎರಡೂ ತೆಗೀರಿ. ಫ್ಯಾನ್ ಗಾಳಿಯನ್ನ ತಂಪು ಮಾಡಲ್ಲ, ಮೈ ಬೆವರನ್ನ ಬೇಗ ಆರಿಸುತ್ತೆ ಅಷ್ಟೇ, ಅದರಿಂದ ತಂಪು ಅನಿಸೋದು. ಅದಕ್ಕೆ ಮಲಗೋ ಮುಂಚೆ ಮೈ ತೊಳ್ಕೊಂಡು ತೆಳು ಕಾಟನ್ ಬಟ್ಟೆ ಸ್ವಲ್ಪ ಒದ್ದೆ ಮಾಡಿ ಹೊದ್ಕೊಂಡ್ರೆ ಅದೇ ಫ್ಯಾನ್ ಎರಡರಷ್ಟು ಕೆಲಸ ಮಾಡಿದಂಗೆ ಅನಿಸುತ್ತೆ, ನಿಮ್ಮ ಕಡೆ ಒಣ ಹವೆ ಆಗಿರೋದ್ರಿಂದ ಇದು ಚೆನ್ನಾಗೇ ನಡೆಯುತ್ತೆ. ಒಂದು ಎಚ್ಚರಿಕೆ, ರೂಮಿನ ಗಾಳಿನೇ 40 ಡಿಗ್ರಿ ದಾಟಿದ್ರೆ ಬರೀ ಫ್ಯಾನ್ ನೆಚ್ಕೋಬೇಡಿ, ಆಗ ಅದು ಮೈಯನ್ನ ಇನ್ನೂ ಕಾಯಿಸುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆ. ಅಂಥ ಮಧ್ಯಾಹ್ನ ಅತ್ತೆಯವರನ್ನ ಕೆಳಗಿನ ಮನೆಯಲ್ಲೋ ನೆಂಟರ ಮನೆಯಲ್ಲೋ ಕೂರಿಸಿ, ಸಂಕೋಚ ಬೇಡ.

ಪ್ರಶ್ನೆ: ಹಾಯ್ ಮೇಡಂ, ಬೆಂಗಳೂರಲ್ಲಿ ಐಟಿ ಕೆಲಸ. ಆಫೀಸಲ್ಲಿ ಎಸಿ ಯಾವಾಗ್ಲೂ 20ರ ಆಸುಪಾಸು ಇಟ್ಟಿರ್ತಾರೆ, ನಾನು ಏಪ್ರಿಲ್‌ನಲ್ಲೂ ಶಾಲು ಹೊದ್ಕೊಂಡೇ ಕೂರೋದು, ಬೆರಳು ಮರಗಟ್ಟಿ ಟೈಪ್ ಮಾಡೋಕೆ ಕಷ್ಟ. ಪಕ್ಕದ ಸೀಟಿನವರು ಹಾಫ್ ಶರ್ಟಲ್ಲಿ ಆರಾಮಾಗಿದ್ದಾರೆ. ಹೇಳಿದ್ರೆ "ನಿಂಗೆ ಬ್ಲಡ್ ಕಮ್ಮಿ ಇದೆ, ಟೆಸ್ಟ್ ಮಾಡ್ಸು" ಅಂತಾರೆ. ಟೆಸ್ಟ್ ನಾರ್ಮಲ್ ಬಂದಿದೆ!
– ಓದುಗರು, ಬೆಂಗಳೂರು

ಉತ್ತರ: ಟೆಸ್ಟ್ ನಾರ್ಮಲ್ ಅಂದ್ರೆ ಆ ಮಾತು ಅಲ್ಲಿಗೆ ಬಿಟ್ಬಿಡಿ, ಸರಿಯಿಲ್ಲದೇ ಇರೋದು ಸೆಟ್ಟಿಂಗು.

ಆಫೀಸು ಎಷ್ಟು ತಂಪಿರಬೇಕು ಅನ್ನೋ ಲೆಕ್ಕ ಬಹಳ ಮಟ್ಟಿಗೆ ಡೆನ್ಮಾರ್ಕ್‌ನ ಓಲೆ ಫ್ಯಾಂಗರ್ ಅವರು 1970ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದಿದ್ದು. ಉಷ್ಣಾಂಶ ಹಿಡಿತದಲ್ಲಿಟ್ಟ ರೂಮುಗಳಲ್ಲಿ ಜನರನ್ನ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳನ್ನ ಕೂರಿಸಿ ಮಾಡಿದ ಪ್ರಯೋಗಗಳು ಅದರ ತಳಹದಿ. ಗಾಳಿಯ ಬಿಸಿ, ಗೋಡೆಗಳ ಬಿಸಿ, ಗಾಳಿ ಬೀಸೋ ವೇಗ, ತೇವಾಂಶ, ಹಾಕಿರೋ ಬಟ್ಟೆ, ಮೈಯೊಳಗೆ ಹುಟ್ಟೋ ಶಾಖ ಅಂತ ಆರು ಅಂಶ ಹಿಡಿದು ಎಷ್ಟು ಜನಕ್ಕೆ ಹಿತ ಅನಿಸುತ್ತೆ ಅಂತ ಹೇಳೋ ಸೂತ್ರ, ಒಳ್ಳೇ ಕೆಲಸಾನೇ. ತೊಂದರೆ ಬಂದಿದ್ದು ಆ ಮೈಶಾಖದ ಜಾಗದಲ್ಲಿ. ಅಲ್ಲಿ ಬಳಸ್ತಾ ಬಂದ ಸ್ಟ್ಯಾಂಡರ್ಡ್ ಸಂಖ್ಯೆ ಸುಮಾರು 70 ಕೆಜಿ ತೂಕದ, 40 ವರ್ಷದ ಗಂಡಸಿನದು. 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಆಫೀಸ್ ಥರದ ಹಗುರ ಕೆಲಸ ಮಾಡೋ 16 ಯುವತಿಯರ ಮೈಶಾಖ ಅಳೆದು ನೋಡಿದಾಗ ಅದು ಆ ಸಂಖ್ಯೆಗಿಂತ ಸಾಕಷ್ಟು ಕಮ್ಮಿ ಇತ್ತು, ಹೆಂಗಸರ ಲೆಕ್ಕದಲ್ಲಿ 35 ಪರ್ಸೆಂಟ್ ತನಕ ತಪ್ಪಾಗಬಹುದು ಅಂತ ಅವರು ಬರೆದ್ರು. ಕಮ್ಮಿ ಜನರ ಮೇಲೆ ಮಾಡಿದ್ದು ಅದು, ಹೌದು, ಆದ್ರೂ ನಿಮ್ಮ ಶಾಲಿಗೆ ಕಾರಣ ಅಲ್ಲಿ ಸಿಗುತ್ತೆ.

ಇನ್ನೊಂದು ದೊಡ್ಡ ವಿಷಯ ಇದೆ, ನನಗೆ ತುಂಬಾ ಮುಖ್ಯ ಅನಿಸೋದು ಇದೇ. ಜನ ತಮ್ಮ ಊರಿನ ಹವೆಗೆ ಒಗ್ಗಿಕೊಂಡಿರ್ತಾರೆ. 1970ರ ದಶಕದಲ್ಲೇ ಬ್ರಿಟನ್ನಿನ ಸಂಶೋಧಕರಾದ ಹಂಫ್ರೀಸ್ ಮತ್ತೆ ನಿಕೋಲ್ ಇದನ್ನ ಗಟ್ಟಿಯಾಗಿ ಹೇಳೋಕೆ ಶುರು ಮಾಡಿದ್ರು, ಅವರ ಕೈಯಲ್ಲಿದ್ದ ಲೆಕ್ಕಗಳಲ್ಲಿ ನಮ್ಮ ಉತ್ತರ ಭಾರತದ ರೂರ್ಕಿ ಊರಿನದೂ ಇತ್ತು. ಆಮೇಲೆ ಅಹಮದಾಬಾದ್‌ನ ಸೆಪ್ಟ್ ಯೂನಿವರ್ಸಿಟಿಯವರು ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ ಹೀಗೆ ಐದು ಊರಿನ 16 ಆಫೀಸ್ ಕಟ್ಟಡಗಳಲ್ಲಿ 6,330 ಉತ್ತರ ಕಲೆಹಾಕಿ ಭಾರತಕ್ಕೇ ಅಂತ ಒಂದು ಸೂತ್ರ ಮಾಡಿದ್ರು. ಕಿಟಕಿ ತೆಗೆದು ಫ್ಯಾನ್ ಹಾಕೋ ಆಫೀಸಿಗೆ ಅದು ಹೀಗಿದೆ: ಕಳೆದ 30 ದಿನದ ಹೊರಗಿನ ಸರಾಸರಿ ಉಷ್ಣಾಂಶಾನ 0.54ರಿಂದ ಗುಣಿಸಿ 12.83 ಕೂಡಿಸಿ. ಹೊರಗಿನ ಸರಾಸರಿ 28 ಇದ್ರೆ ಉತ್ತರ ಹೆಚ್ಚುಕಮ್ಮಿ 28. ಅಂದ್ರೆ ಏಪ್ರಿಲ್ ತಿಂಗಳ ಬೆಂಗಳೂರಲ್ಲಿ ಫ್ಯಾನ್ ಕೆಳಗೆ 28 ಡಿಗ್ರಿಯಲ್ಲಿ ಕೂತ ಜನ ಚೆನ್ನಾಗೇ ಇರ್ತಾರೆ, ಮುಚ್ಚಿದ ಎಸಿ ಆಫೀಸಲ್ಲಿ ಅಷ್ಟಕ್ಕೆ ಹೋಗೋದು ಬೇಡ, ಆದ್ರೆ 20 ಯಾರಿಗೂ ಬೇಕಾಗಿಲ್ಲ. ಸರ್ಕಾರ ಕೂಡ 2020ರ ಜನವರಿಯಿಂದ ಸ್ಟಾರ್ ರೇಟಿಂಗ್ ಇರೋ ರೂಮ್ ಎಸಿಗಳು ಆನ್ ಮಾಡಿದ ತಕ್ಷಣ 24ಕ್ಕೆ ನಿಲ್ಲಬೇಕು ಅಂತ ಮಾಡಿದೆ, ಒಂದು ಡಿಗ್ರಿ ಏರಿಸಿದ್ರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತೆ ಅನ್ನೋದು ಅವರ ಲೆಕ್ಕ.

ಪಕ್ಕದ ಸೀಟಿನವರ ಜೊತೆ ವಾದ ಬೇಡ, ಅವರ ಮೈ ಅವರಿಗೆ. ನಿಮ್ಮ ಟೇಬಲ್ ಮೇಲೆ ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಇಟ್ಟು ಒಂದು ವಾರ ಬರೆದಿಡಿ, ಅದನ್ನ ತಗೊಂಡು ಫೆಸಿಲಿಟಿ ಟೀಮ್ ಹತ್ರ ಹೋಗಿ, ಜೊತೆಗೆ ಚಳಿ ಆಗೋ ಬೇರೆಯವರನ್ನೂ ಸೇರಿಸ್ಕೊಳ್ಳಿ, ಖಂಡಿತ ಇರ್ತಾರೆ. ಕೇಳಬೇಕಾದ್ದು ಎರಡೇ. ಸೆಟ್ಟಿಂಗ್ 24-25ಕ್ಕೆ ಏರಿಸಿ ಸೆಕೆ ಆಗೋರಿಗೆ ಟೇಬಲ್ ಫ್ಯಾನ್ ಕೊಡಲಿ. ನಿಮ್ಮ ತಲೆ ಮೇಲೆ ಎಸಿ ಗಾಳಿ ನೇರ ಬೀಳ್ತಿದ್ರೆ ಅದರ ದಿಕ್ಕು ತಿರುಗಿಸಲಿ. ಇಡೀ ಹಾಲ್ ತಣ್ಣಗೆ ಮಾಡೋದಕ್ಕಿಂತ ಬೇಕಾದವರಿಗೆ ಬೇಕಾದಷ್ಟು ಗಾಳಿ ಕೊಡೋದು ಖರ್ಚಿನಲ್ಲೂ ಕಮ್ಮಿ.

ಪ್ರಶ್ನೆ: ಹೊಸನಗರದ ಹತ್ರ ಹಳ್ಳಿ ನಮ್ದು. ಮಳೆಗಾಲದಲ್ಲಿ ಮಲಗೋ ರೂಮಿನ ಗೋಡೆ ತುಂಬ ಬೂಷ್ಟು, ಕಪಾಟಿನ ಬಟ್ಟೆಯೆಲ್ಲ ಮುಗ್ಗಲು ವಾಸನೆ. ಆರು ವರ್ಷದ ಮಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಮ್ಮು, ಗೊರಗೊರ ಉಸಿರು. ಪ್ರತಿ ವರ್ಷ ದೀಪಾವಳಿಗೆ ಪೇಂಟ್ ಹೊಡೆಸ್ತೀವಿ, ಮುಂದಿನ ಮಳೆಗೆ ಮತ್ತೆ ಅದೇ. ಎರಡಕ್ಕೂ ಸಂಬಂಧ ಇದ್ಯಾ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಇರೋ ಸಾಧ್ಯತೆ ಜಾಸ್ತಿ ಸರ್, ಮೊದಲು ಮಗೂನ ಮಕ್ಕಳ ಡಾಕ್ಟ್ರಿಗೆ ತೋರಿಸಿ, ತೋರಿಸೋವಾಗ ಗೋಡೆಯ ಫೋಟೋನೂ ತಗೊಂಡು ಹೋಗಿ. ಡಾಕ್ಟ್ರು ಮನೆ ಬಗ್ಗೆ ಕೇಳದೇ ಇದ್ರೂ ನೀವಾಗೇ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತೆ ಬೂಷ್ಟಿನ ಬಗ್ಗೆನೇ ಬೇರೆ ಮಾರ್ಗಸೂಚಿ ತಂದಿದೆ. ಅದಕ್ಕೂ ಮುಂಚೆ 2007ರಲ್ಲಿ ಹಲವು ಅಧ್ಯಯನ ಒಟ್ಟು ಮಾಡಿ ನೋಡಿದಾಗ, ತೇವ-ಬೂಷ್ಟು ಇರೋ ಮನೆಗಳಲ್ಲಿ ಕೆಮ್ಮು, ಗೊರಗೊರ, ಆಸ್ತಮಾ ಥರದ ತೊಂದರೆ 30ರಿಂದ 50 ಪರ್ಸೆಂಟ್ ಜಾಸ್ತಿ ಅಂತ ಕಂಡಿತ್ತು.

ಪೇಂಟ್ ಯಾಕೆ ನಿಲ್ತಿಲ್ಲ ಅಂದ್ರೆ ಬೂಷ್ಟಿಗೆ ಬೇಕಾಗಿರೋದು ನೀರು, ಅದು ಗೋಡೆಯೊಳಗೇ ಇದೆ. ಹಾಗಾಗಿ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕೋದೇ ಮೊದಲ ಕೆಲಸ. ಬೂಷ್ಟು ನೆಲದಿಂದ ಎರಡು ಮೂರಡಿ ಎತ್ತರಕ್ಕೆ ಪಟ್ಟೆ ಥರ ಇದ್ರೆ ಅಡಿಪಾಯದಿಂದ ತೇವ ಏರ್ತಿದೆ, ಮಳೆ ಹೊಡೆಯೋ ದಿಕ್ಕಿನ ಗೋಡೆಯಲ್ಲಿ ಮಾತ್ರ ಇದ್ರೆ ಸೂರು ಚಿಕ್ಕದಾಗಿದೆ ಅಥವಾ ಹೊರಗೋಡೆ ಬಿರುಕು ಬಿಟ್ಟಿದೆ, ಕಪಾಟಿನ ಹಿಂದೆ ಮೂಲೆಯಲ್ಲಿ ಮಾತ್ರ ಇದ್ರೆ ಅಲ್ಲಿ ಗಾಳಿ ಆಡ್ತಿಲ್ಲ. ಹಳೇ ಮಲೆನಾಡಿನ ಮನೆಗಳ ಸೂರು ಅಷ್ಟು ಉದ್ದ ಇಳಿದಿರ್ತಿದ್ದಿದ್ದು, ಗೋಡೆಗೆ ಅಡಿಕೆ ಸೋಗೆ ತಟ್ಟಿ ಕಟ್ತಿದ್ದಿದ್ದು ಇದಕ್ಕೇನೇ, ಈಗ ಟೆರೇಸ್ ಮನೆ ಕಟ್ಟೋವಾಗ ಆ ಸೂರನ್ನೇ ಬಿಟ್ಟುಬಿಟ್ವಿ. ಹೊರಗಡೆ ಒಂದು ಶೀಟಿನ ಇಳಿಸೂರು ಹಾಕಿಸಿದ್ರೂ ಬಹಳ ವ್ಯತ್ಯಾಸ ಆಗುತ್ತೆ.

ಕಿಟಕಿ ತೆಗೆದಿಟ್ರೆ ಸಾಕು ಅಂತ ಎಲ್ಲರೂ ಹೇಳ್ತಾರೆ, ಜುಲೈ ತಿಂಗಳಲ್ಲಿ ನಿಮ್ಮೂರಿನ ಹೊರಗಿನ ಗಾಳಿನೇ ನೀರು ನೀರಾಗಿರುತ್ತೆ, ಅದು ಒಳಗೆ ಬಂದು ಏನನ್ನೂ ಒಣಗಿಸಲ್ಲ. ಅದಕ್ಕೆ ಮಲಗೋ ರೂಮಲ್ಲಿ ಬಟ್ಟೆ ಒಣಗಿಸೋದನ್ನ ಮೊದಲು ನಿಲ್ಲಿಸಿ, ಒಂದು ಬಕೆಟ್ ಒದ್ದೆ ಬಟ್ಟೆಯಿಂದ ಲೀಟರ್‌ಗಟ್ಟಲೆ ನೀರು ಆ ರೂಮಿನ ಗಾಳಿಗೇ ಸೇರುತ್ತೆ. ಬಚ್ಚಲ ಒಲೆ ಹತ್ರ ಹಗ್ಗ ಕಟ್ಟೋ ಹಳೇ ಪದ್ಧತಿನೇ ಒಳ್ಳೇದು, ಹೊಗೆ ಇರೋ ಕಡೆ ಮಗು ಹೋಗಬಾರದು ಅಷ್ಟೇ. ಕಪಾಟನ್ನ ಗೋಡೆಯಿಂದ ಒಂದು ಗೇಣು ಈಚೆ ತನ್ನಿ. ಇರೋ ಬೂಷ್ಟನ್ನ ಒಣ ಪೊರಕೆಯಲ್ಲಿ ಗುಡಿಸಬೇಡಿ, ಗಾಳಿಗೆ ಹಾರುತ್ತೆ, ಮೂಗಿಗೆ ಮಾಸ್ಕ್ ಕಟ್ಕೊಂಡು ಸೋಪಿನ ನೀರಲ್ಲಿ ಉಜ್ಜಿ ಒರೆಸಿ. ಸದ್ಯಕ್ಕೆ ಈ ಮಳೆಗಾಲ ಮುಗಿಯೋ ತನಕ ಮಗಳನ್ನ ಬೇರೆ ರೂಮಲ್ಲಿ ಮಲಗಿಸಿ, ಇದು ಮಾತ್ರ ಇವತ್ತೇ ಮಾಡಿ.

ಪ್ರಶ್ನೆ: ಸೊಳ್ಳೆ ಬತ್ತಿ ಹಚ್ಚಿ ಬಾಗಿಲು ಕಿಟಕಿ ಹಾಕ್ಕೊಂಡು ಮಲಗ್ತೀವಿ. ಬೆಳಗ್ಗೆ ಗಂಟಲು ಕೆರೆತ. ತೊಂದರೆ ಇದ್ಯಾ?
– ಓದುಗರು, ಮಂಡ್ಯ

ಉತ್ತರ: ಇದೆ. 2003ರಲ್ಲಿ ಚೀನಾ, ಮಲೇಷ್ಯಾದ ಬತ್ತಿಗಳನ್ನ ಸುಟ್ಟು ಅಳೆದಾಗ ಒಂದು ಬತ್ತಿ ಪೂರ್ತಿ ಉರಿದ್ರೆ ಬರೋ ಸೂಕ್ಷ್ಮ ಕಣ, ಅಂದ್ರೆ ಪೇಪರ್‌ನಲ್ಲಿ ಬರುತ್ತಲ್ಲ ಪಿಎಂ 2.5, ಅದು 75ರಿಂದ 137 ಸಿಗರೇಟಿನಷ್ಟು ಇತ್ತು. ಅದನ್ನ ಮುಚ್ಚಿದ ರೂಮಲ್ಲಿ ರಾತ್ರಿಯಿಡೀ ಕುಡಿದಂಗೆ. ಹಾಗಂತ ಸೊಳ್ಳೆ ಕಚ್ಚಿಸ್ಕೊಳ್ಳಿ ಅಂತ ನಾನು ಹೇಳಲ್ಲ, ಡೆಂಗ್ಯೂ ಮಲೇರಿಯಾ ಸಣ್ಣ ವಿಷಯ ಅಲ್ಲ. ಕಿಟಕಿಗೆ ಮೆಶ್, ಮಂಚಕ್ಕೆ ಸೊಳ್ಳೆ ಪರದೆ, ಸಂಜೆ ಐದರಿಂದ ಏಳರ ತನಕ ಬಾಗಿಲು ಮುಚ್ಚಿಡೋದು. ಒಂದು ಸಲದ ಖರ್ಚು, ವರ್ಷಗಟ್ಟಲೆ ಬರುತ್ತೆ.

ಪ್ರಶ್ನೆ: ನಮ್ಮ ಮನೆ ಮೇನ್ ರೋಡಿಗೆ ಅಂಟ್ಕೊಂಡೇ ಇದೆ, ಬಸ್ಸು ಲಾರಿ ಹಾರ್ನು ಬೆಳಗಿಂದ ರಾತ್ರಿವರೆಗೆ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ, ರೋಡ್ ಕಡೆ ರೂಮಲ್ಲೇ ಓದೋದು, ಓದಿದ್ದು ತಲೆಗೆ ಹತ್ತಲ್ಲ ಅಂತಾನೆ. ಅವರಪ್ಪ "ಹುಟ್ಟಿದಾಗಿಂದ ಇದೇ ಸೌಂಡು, ಅಭ್ಯಾಸ ಆಗಿರುತ್ತೆ, ನೆಪ ಹೇಳ್ತಾನೆ" ಅಂತಾರೆ.
– ಓದುಗರು, ಹುಬ್ಬಳ್ಳಿ

ಉತ್ತರ: ಅಮ್ಮಾ, ಮಗನ ಮಾತು ನಂಬಿ. ಇದಕ್ಕೆ ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಯ ಕಥೆ ಹೇಳ್ತೀನಿ, ಅವರಪ್ಪಂಗೂ ಓದಿ ಹೇಳಿ. ಆ ಶಾಲೆ ಪಕ್ಕದಲ್ಲೇ ಎತ್ತರದ ಕಂಬಗಳ ಮೇಲೆ ರೈಲು ಹಳಿ, ಹೆಚ್ಚುಕಮ್ಮಿ ನಾಲ್ಕೂವರೆ ನಿಮಿಷಕ್ಕೊಂದು ರೈಲು. ರೈಲು ಬಂದಾಗ ಹಳಿ ಕಡೆ ಕ್ಲಾಸ್‌ರೂಮಲ್ಲಿ 89 ಡೆಸಿಬಲ್ ಸದ್ದು, ಟೀಚರ್ ಪಾಠ ನಿಲ್ಲಿಸಿ ಕಾಯಬೇಕು. ಅರ್ಲಿನ್ ಬ್ರಾನ್ಝಾಫ್ಟ್ ಅನ್ನೋ ಮನಃಶಾಸ್ತ್ರಜ್ಞೆ 1975ರಲ್ಲಿ ಹಳಿ ಕಡೆ ಕ್ಲಾಸಿನ ಮಕ್ಕಳನ್ನೂ ಅದೇ ಶಾಲೆಯ ಆಚೆ ಕಡೆ ನಿಶ್ಶಬ್ದವಾಗಿದ್ದ ಕ್ಲಾಸಿನ ಮಕ್ಕಳನ್ನೂ ಹೋಲಿಸಿದ್ರು. ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ಹಳಿ ಕಡೆ ಮಕ್ಕಳು ಓದೋದರಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಹಿಂದೆ ಬಿದ್ದಿದ್ರು. ಒಂದೇ ಶಾಲೆ, ಅದೇ ಪಾಠ.

ಆಕೆ ಅಷ್ಟಕ್ಕೇ ಬಿಡ್ಲಿಲ್ಲ, ಬೆನ್ನು ಹತ್ತಿದ್ರು. ಹಳಿಗೆ ರಬ್ಬರ್ ಪ್ಯಾಡ್ ಬಂತು, ಕ್ಲಾಸಿನ ಸೀಲಿಂಗಿಗೆ ಸದ್ದು ಹೀರೋ ಹಲಗೆ ಬಂತು, ಆಮೇಲೆ ಮತ್ತೆ ಅಳೆದು 1981ರಲ್ಲಿ ಬರೆದಾಗ ಎರಡೂ ಕಡೆಯ ಮಕ್ಕಳು ಒಂದೇ ಮಟ್ಟಕ್ಕೆ ಬಂದಿದ್ರು. ಈ ಎರಡನೇ ಭಾಗ ನನಗೆ ತುಂಬಾ ಇಷ್ಟ, ಯಾಕಂದ್ರೆ ಸದ್ದು ಇಳಿಸಿದ್ರೆ ಮಕ್ಕಳು ಮೇಲೆ ಬರ್ತಾರೆ ಅಂತ ಅಲ್ಲಿ ಮಾಡಿ ತೋರಿಸಿದ್ರು. ಇನ್ನು ಅಭ್ಯಾಸದ ಮಾತು: ಕಿವಿಗೆ ಅಭ್ಯಾಸ ಆದ ಹಾಗೆ ಅನಿಸುತ್ತೆ ನಿಜ, ಆದ್ರೆ ನಿದ್ದೆಯಲ್ಲಿ ಎಚ್ಚರ ಆಗದೇ ಇದ್ರೂ ಲಾರಿ ಹೋದಾಗ ಎದೆ ಬಡಿತ ಏರೋದು ಅಳತೆಯಲ್ಲಿ ಸಿಗುತ್ತೆ. ನಮ್ಮ ದೇಶದ 2000ನೇ ಇಸವಿಯ ಶಬ್ದ ನಿಯಮದಲ್ಲಿ ಜನವಸತಿ ಜಾಗಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ, ನಿಮ್ಮ ಫೋನಿನ ಸೌಂಡ್ ಮೀಟರ್ ಆ್ಯಪಲ್ಲಿ ಒಂದ್ಸಲ ನೋಡಿ, ಪಕ್ಕಾ ಅಲ್ಲದಿದ್ರೂ ಅಂದಾಜು ಸಿಗುತ್ತೆ.

ಟೇಬಲ್ಲನ್ನ ಹಿಂದಿನ ರೂಮಿಗೆ, ಅಡುಗೆಮನೆ ಪಕ್ಕ ಆದ್ರೂ ಪರವಾಗಿಲ್ಲ, ಹಾಕಿ. ನಡುವೆ ಎರಡು ಗೋಡೆ ಬಂದ್ರೆ ಸದ್ದು ಎಷ್ಟೋ ಇಳಿಯುತ್ತೆ. ದಪ್ಪ ಪರದೆಗೆ ದುಡ್ಡು ಸುರಿಯಬೇಡಿ, ರೋಡಿನ ಸದ್ದಿಗೆ ಅದು ಸಾಲಲ್ಲ, ಸದ್ದು ನುಗ್ಗೋದು ಕಿಟಕಿ ಸಂದಿಯಿಂದ, ಚೌಕಟ್ಟಿನ ಸುತ್ತ ರಬ್ಬರ್ ಬೀಡಿಂಗ್ ಹಾಕಿಸಿ. ಟಿವಿನೂ ಸಂಜೆ ಹೊತ್ತು ಸಣ್ಣಗಿಡಿ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ನೋಡಿ ಸ್ನೇಕ್ ಪ್ಲಾಂಟು, ಮನಿ ಪ್ಲಾಂಟು ಅಂತ ಮನೆ ತುಂಬ ಗಿಡ ಇಟ್ಟಿದೀನಿ, ಗಾಳಿ ಕ್ಲೀನ್ ಆಗುತ್ತಂತೆ, ನಾಸಾದವರೇ ಹೇಳಿದ್ದಾರಂತೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ, ಅವರ ರೂಮಲ್ಲೂ ಇಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಇಡಿ, ಖುಷಿಗೆ ಇಡಿ, ಗಾಳಿ ಕ್ಲೀನ್ ಆಗುತ್ತೆ ಅಂತ ಮಾತ್ರ ನಂಬ್ಕೋಬೇಡಿ. ನಾಸಾದ 1989ರ ಆ ಪ್ರಯೋಗ ನಡೆದಿದ್ದು ಗಾಳಿ ಆಡದ ಸಣ್ಣ ಮುಚ್ಚಿದ ಡಬ್ಬಿಯಂಥ ಚೇಂಬರಲ್ಲಿ. ಮನೆಯಲ್ಲಿ ಗಾಳಿ ಸಂದಿಗೊಂದಿಯಿಂದ ಹೋಗ್ತಾ ಬರ್ತಾ ಇರುತ್ತೆ, ಅದು ಮಾಡೋ ಕೆಲಸದ ಮುಂದೆ ಗಿಡದ್ದು ಲೆಕ್ಕಕ್ಕೇ ಬರಲ್ಲ. 2019ರಲ್ಲಿ ಇಬ್ಬರು ಸಂಶೋಧಕರು ಹಳೇ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ ಅದಕ್ಕೆ ಸಮ ಆಗಬೇಕಾದ್ರೆ ಒಂದು ಚದರ ಮೀಟರ್ ಜಾಗಕ್ಕೆ 10ರಿಂದ 1,000 ಗಿಡ ಬೇಕು ಅಂತ ಬಂತು. ದಿನಾ ಬೆಳಗ್ಗೆ ಕಿಟಕಿ ತೆಗೀರಿ, ಅದೇ ಸಾಕು.

ಆದ್ರೆ ಅಮ್ಮನ ವಿಷಯಕ್ಕೆ ಗಿಡ ಮರ ಬೇರೆ ಥರ ಕೆಲಸಕ್ಕೆ ಬರುತ್ತೆ. ರೋಜರ್ ಉಲ್ರಿಚ್ ಅನ್ನೋರು 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ದಾಖಲೆ ತೆಗೆದು, ಪಿತ್ತಕೋಶದ ಆಪರೇಷನ್ ಆದ 46 ಜನರನ್ನ ಜೋಡಿ ಜೋಡಿಯಾಗಿ ಹೋಲಿಸಿದ್ರು. ಕಿಟಕಿಯಿಂದ ಮರ ಕಾಣ್ತಿದ್ದವರು ಸರಾಸರಿ 7.96 ದಿನಕ್ಕೆ ಡಿಸ್ಚಾರ್ಜ್, ಇಟ್ಟಿಗೆ ಗೋಡೆ ಮಾತ್ರ ಕಾಣ್ತಿದ್ದವರು 8.70 ದಿನಕ್ಕೆ, ಮರ ಕಂಡವರು ತಗೊಂಡ ಜೋರಾದ ನೋವಿನ ಔಷಧಿನೂ ಕಮ್ಮಿ. ಒಂದೇ ಆಸ್ಪತ್ರೆಯ ಲೆಕ್ಕ, ಅದನ್ನೇ ಎಲ್ಲರಿಗೂ ಅನ್ವಯಿಸೋಕಾಗಲ್ಲ, ಆದ್ರೆ ಮಂಚ ತಿರುಗಿಸೋಕೆ ಖರ್ಚೇನಿದೆ. ಅಮ್ಮ ಮಲಗಿದಲ್ಲಿಂದಲೇ ಹೊರಗೆ ಕಾಣೋ ಹಾಗೆ ಹಾಕಿ, ಬೆಳಗಿನ ಬೆಳಕು ಮುಖಕ್ಕೆ ಬೀಳಲಿ, ರಾತ್ರಿ ನಿದ್ದೆಗೂ ಒಳ್ಳೇದು. ಹೊರಗೆ ಬರೀ ಪಕ್ಕದ ಮನೆ ಗೋಡೆ ಕಾಣೋದಾದ್ರೆ ನಿಮ್ಮ ಕುಂಡಗಳನ್ನ ಆ ಕಿಟಕಿ ಹಲಗೆ ಮೇಲೆ ಸಾಲಾಗಿಡಿ, ವಾಕರ್ ಹಿಡಿದು ಓಡಾಡೋ ದಾರಿಯಲ್ಲಿ ಮಾತ್ರ ಒಂದೂ ಇರಬಾರದು. ಕುಂಡದ ಕೆಳಗಿನ ತಟ್ಟೆ ನೀರನ್ನ ವಾರಕ್ಕೆ ಎರಡು ಸಲನಾದ್ರೂ ಚೆಲ್ಲಿ ಉಜ್ಜಿ ತೊಳೀರಿ, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಅಂಥ ನಿಂತ ನೀರಲ್ಲೇ.